ಎಡಗಾಲಿನ ಎಲುಬು

ನದಿಯ ದಂಡೆಯ ಮೇಲೆ ಒಂದು ವೈದ್ಯಾಶ್ರಮ. ಅದರಲ್ಲಿ ಒಂದು ದೊಡ್ಡ ಕೋಣೆ.

ಗೋಡೆಯ ಉದ್ದಕ್ಕೂ ತಾಳೆಗರಿಯ ಕಟ್ಟುಗಳು. ಹಲಗೆಗಳ ಮೇಲೆ ಒಣಗಿದ ಬೇರು, ಹಾವಿನ ಪೊರೆ, ಆಮೆಯ ಚಿಪ್ಪು, ಬಣ್ಣಬಣ್ಣದ ಕಲ್ಲು. ನಡುವೆ, ಹಿತ್ತಾಳೆ ತಂತಿಯಲ್ಲಿ ಪೋಣಿಸಿ ನಿಲ್ಲಿಸಿದ ಒಬ್ಬ ಮನುಷ್ಯನ ಅಸ್ಥಿಪಂಜರ.

ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ತಲೆಮಾರುಗಳಿಂದ ಶಿಷ್ಯರು ಅವನ ಎಲುಬು ಮುಟ್ಟಿ ಮುಟ್ಟಿಯೇ ವೈದ್ಯ ಕಲಿತಿದ್ದರು. ಅವನ ಎಡಗಾಲಿನ ಎಲುಬು ಮೊಣಕಾಲಿನ ಕೆಳಗೆ ಹೊರಕ್ಕೆ ಬಾಗಿತ್ತು. ಅದನ್ನು ನೋಡಿ ಯಾರೋ ಪಂಡಿತರು ವ್ಯಾಖ್ಯಾನ ಬರೆದಿಟ್ಟಿದ್ದರು: ಮನುಷ್ಯನ ಎಡಗಾಲು ಚಂದ್ರನಿಗೆ ಸೇರಿದ್ದು, ಆದ್ದರಿಂದ ಬಾಗಿರುತ್ತದೆ.

ಅದನ್ನು ಎಲ್ಲರೂ ಬಾಯಿಪಾಠ ಮಾಡಿದರು. ತಮ್ಮ ಕಾಲನ್ನು ಮಾತ್ರ ಒಬ್ಬರೂ ಮುಟ್ಟಿ ನೋಡಲಿಲ್ಲ.

ಹೊಸದಾಗಿ ಬಂದ ಗುರು ಉಜ್ಜಯ್ಯ ಒಂದು ಕಡೆ ಕೂರುವ ಮನುಷ್ಯನಲ್ಲ. ಬಂದ ವಾರದಲ್ಲೇ ಸುತ್ತಲ ಹಳ್ಳಿಗಳ ರೋಗಿಗಳನ್ನು ನೋಡಲು ಹೊರಟುಬಿಟ್ಟ. ಆಶ್ರಮ ಹಿರಿಯ ಶಿಷ್ಯ ಸೋಮಲಿಂಗನ ಕೈಯಲ್ಲಿತ್ತು.

ಆಗಲೇ ಕಲ್ಲು ಒಡೆಯುವ ದುರುಗವ್ವಳನ್ನು ಅವಳ ಅಣ್ಣಂದಿರು ಕಂಬಳಿಯಲ್ಲಿ ಹೊತ್ತು ತಂದರು. ಬಂಡೆ ಉರುಳಿ ಎಡಗಾಲು ಮುರಿದಿತ್ತು.

ಸೋಮಲಿಂಗ ಎಲುಬು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟತೊಡಗಿದ.

"ಅಯ್ನೋರೇ, ಸೊಟ್ಟ ಕಟ್ತಿದ್ದೀರಿ," ಅಂದಳು ದುರುಗವ್ವ.

"ಸೊಟ್ಟ ಅಲ್ಲವ್ವ. ಎಡಗಾಲು ಇರೋದೇ ಹಾಗೆ."

"ನನ್ನ ಕಾಲು ಹಂಗಿರಲಿಲ್ಲ."

"ನೀನು ನೋಡಿದ್ದು ಚರ್ಮ. ನಾನು ಎಲುಬು ನೋಡಿದ್ದೇನೆ."

"ಅದರ ಮ್ಯಾಲೆ ನಡೆದಾಕಿ ನಾನು!"

"ಸುಮ್ಮನಿರು. ಗ್ರಂಥದಲ್ಲಿ ಹಾಗೇ ಇದೆ."

"ಹಂಗಾರೆ ಹೋಗಿ ಆ ಗ್ರಂಥಕ್ಕೇ ಕಟ್ಟು ಕಟ್ಟು."

ಸೋಮಲಿಂಗ ನಕ್ಕ. ದಾರ ಇನ್ನಷ್ಟು ಬಿಗಿದ.

ಕೆಲವು ದಿನಗಳ ಮೇಲೆ ಉಜ್ಜಯ್ಯ ತಿರುಗಿ ಬಂದ. ಬಾಗಿಲಲ್ಲೇ ದುರುಗವ್ವಳ ಕಾಲು ಕಂಡಿತು. ಹೆಗಲ ಚೀಲ ಇಳಿಸುವುದನ್ನೂ ಮರೆತ.

"ಯಾರು ಕಟ್ಟಿದ್ದು?"

"ನಾನೇ, ಗುರುಗಳೇ." ಸೋಮಲಿಂಗ ಶಹಬ್ಬಾಸ್‌ಗಿರಿಗೆ ಕಾದು ನಿಂತ.

"ನಡಿ ಕೋಣೆಗೆ."

ಉಜ್ಜಯ್ಯ ಅಸ್ಥಿಪಂಜರ ತೋರಿಸಿದ. "ಇವನ ಎಡಗಾಲು ಹಿಡಿ."

"ಬಾಗಿದೆ."

"ಬಲಗಾಲು?"

"ನೆಟ್ಟಗಿದೆ. ಅದು ಸೂರ್ಯನಿಗೆ ಸೇರಿದ್ದು."

"ಈಗ ನಿನ್ನ ಎಡಗಾಲು ಹಿಡಿ."

ಸೋಮಲಿಂಗ ಬಗ್ಗಿ, ಮೊಣಕಾಲಿನಿಂದ ಕೆಳಕ್ಕೆ ಹೆಬ್ಬೆರಳು ಎಳೆದ. ನಿಂತ. ಮತ್ತೆ ಎಳೆದ. ಬಾಗು ಎಲ್ಲೂ ಸಿಗಲಿಲ್ಲ.

"ಯಾವ ಗ್ರಹಕ್ಕೆ ಸೇರಿದೆಯಪ್ಪ?" ಎಂದು ಕೇಳಿದ ಉಜ್ಜಯ್ಯ.

ಸೋಮಲಿಂಗ ಮತ್ತೆ ಅಸ್ಥಿಪಂಜರದ ಎಡಗಾಲು ಹಿಡಿದ.

"ಬಾಗಿದ ಎಲುಬಿನ ನಡುವೆ ಗಂಟಿದೆ. ಮುಟ್ಟಿ ನೋಡು."

"ಇದೆ. ಪ್ರತಿ ವರ್ಷ ಮುಟ್ಟಿದ್ದೇನೆ."

"ಅಲ್ಲಿ ಮುರಿದಿತ್ತು. ಯಾರೂ ಕಟ್ಟಲಿಲ್ಲ. ಹೇಗೆ ಬಿದ್ದಿತ್ತೋ ಹಾಗೇ ಕೂಡಿಕೊಂಡಿತು. ಸೊಂಟದ ಕೀಲು ನೋಡು, ಒಂದೇ ಕಡೆ ಸವೆದಿದೆ. ಇದೇ ಕಾಲಿನ ಮೇಲೆ ವರ್ಷಗಟ್ಟಲೆ ಹೊರೆ ಹೊತ್ತಿದ್ದಾನೆ."

ಸೋಮಲಿಂಗ ಗೋಡೆಯ ಕಡೆ ನೋಡಿದ. ಅಲ್ಲಿ ತಾಳೆಗರಿಯ ಕಟ್ಟುಗಳು ಸಾಲಾಗಿ ಕೂತಿದ್ದವು.

"ಎಲುಬು ಕಟ್ಟುವ ಗ್ರಂಥ ಇವನು ಬದುಕಿದ್ದಾಗಲೂ ಇಲ್ಲೇ ಇತ್ತಲ್ಲ, ಗುರುಗಳೇ?"

"ಇತ್ತು."

"ಮತ್ತೆ ಇವನನ್ನು ಯಾಕೆ ಒಳಗೆ ಕರೆತರಲಿಲ್ಲ?"

"ತಂದರಲ್ಲ. ಸತ್ತ ಮೇಲೆ."

ಸೋಮಲಿಂಗನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಲಗೆಯಿಂದ ವ್ಯಾಖ್ಯಾನದ ಕಟ್ಟು ಎಳೆದು, ಗರಿ ಕೊರೆಯುವ ಕಬ್ಬಿಣದ ಕಡ್ಡಿಯನ್ನು ಕೈಗೆ ತೆಗೆದುಕೊಂಡ.

"ಏನು ಮಾಡ್ತೀಯ?"

"ಆ ಸುಳ್ಳು ಸಾಲನ್ನು ಹೊಡೆದುಹಾಕ್ತೇನೆ."

ಉಜ್ಜಯ್ಯ ಕಡ್ಡಿ ಕಿತ್ತುಕೊಂಡ. "ಸಾಲು ಎಲ್ಲಿಗೂ ಓಡಿಹೋಗಲ್ಲ. ಅಲ್ಲಿ ಅವಳ ಎಲುಬು ಕೂಡಿಕೊಳ್ತಾ ಇದೆ. ಮೊದಲು ಅಲ್ಲಿಗೆ ನಡಿ."

"ನೀವೇ ಬಿಚ್ಚಿ ಕಟ್ಟಿ, ಗುರುಗಳೇ. ನನ್ನ ಕೈ ನಡುಗ್ತಿದೆ."

"ನಡುಗಲಿ. ಅವತ್ತು ನಡುಗಲಿಲ್ಲ, ಅದೇ ತಪ್ಪಾಗಿದ್ದು."

ಉಜ್ಜಯ್ಯ ದುರುಗವ್ವಳ ಪಕ್ಕ ಕೂತ. ಸುತ್ತಿ ಬಳಸಿ ಮಾತಾಡಲಿಲ್ಲ.

"ಅವ್ವಾ, ಇವನು ತಪ್ಪು ಕಟ್ಟಿದ್ದಾನೆ. ಮತ್ತೆ ಬಿಡಿಸಿ, ಎಳೆದು ಕೂಡಿಸಬೇಕು. ಬಹಳ ನೋಯುತ್ತೆ."

"ನಾನು ಅವತ್ತೇ ಬಡ್ಕೊಂಡೆ."

"ಹೌದು. ಇವನಿಗೆ ಕೇಳಿಸಲಿಲ್ಲ."

"ಬಿಡಿಸ್ದಿದ್ರೆ?"

"ಕುಂಟ್ತೀಯ. ಸಾಯೋ ತನಕ."

ಅವಳು ಕಂಬಳಿಯ ಅಂಚನ್ನು ಹಲ್ಲಿಗೆ ಕಚ್ಚಿಕೊಂಡು ತಲೆಯಾಡಿಸಿದಳು.

ಅಣ್ಣಂದಿರು ತೋಳು ಹಿಡಿದರು. ಸೋಮಲಿಂಗ ಕಟ್ಟು ಬಿಚ್ಚಿ ಎಳೆದ. ಅವಳ ಕೂಗಿಗೆ ದಂಡೆಯ ಮೇಲಿನ ಕೊಕ್ಕರೆಗಳು ಎದ್ದವು. ಸೋಮಲಿಂಗನನ್ನೂ ಅವನ ಗ್ರಂಥವನ್ನೂ ಅದನ್ನು ಬರೆದವನ ವಂಶವನ್ನೂ ಬಿಡದೆ ಬೈದಳು.

ಅವಳ ಬಲಗಾಲನ್ನು ಪಕ್ಕಕ್ಕೆ ಸೇರಿಸಿ, ಎರಡನ್ನೂ ನೋಡಿ ನೋಡಿ, ಸೋಮಲಿಂಗ ಕೇಳಿದ: "ಅವ್ವಾ, ಮೊದಲು ಹೀಗಿತ್ತಾ?"

"ಇನ್ನೊಂಚೂರು ಒಳಕ್ಕೆ."

"ಈಗ?"

"ಹ್ಞೂಂ. ಹಂಗೇ ಇರಲಿ."

ಅವನು ದಬ್ಬೆ ಇಟ್ಟು ಕಟ್ಟಿದ.

"ನಡೀತೀನಾ?" ಅವಳು ಕೇಳಿದ್ದು ಉಜ್ಜಯ್ಯನನ್ನು.

"ಈಗಲೇ ಹೇಳೋಕೆ ಆಗಲ್ಲವ್ವ. ಬೇಗ ಬಿಡಿಸಿದ್ದರೆ ಖಂಡಿತ ಅಂತಿದ್ದೆ."

ದುರುಗವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಸೋಮಲಿಂಗನಿಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಗುರುವಿನ ಕಾಲಿಗೆ ಬಿದ್ದ.

"ತಪ್ಪಾಯ್ತು, ಗುರುಗಳೇ. ಕ್ಷಮಿಸಿ."

ಉಜ್ಜಯ್ಯ ಕಾಲು ಹಿಂದಕ್ಕೆ ಎಳೆದುಕೊಂಡ.

"ನೀನು ಕೆಡಿಸಿದ್ದು ಈ ಕಾಲನ್ನಲ್ಲ."