ಒಂಟೆಲೆ ಗುಡ್ಡಕ್ಕೆ ಆ ಹೆಸರು ಬಂದಿದ್ದು

ಇದನ್ನ ಎಲ್ಲೂ ಬಾಯಿ ಬಿಡಬಾರ್ದು ಅಂತ ಅಜ್ಜಿ ನನಗೆ ಹೇಳಿದ್ಲು. ಒಂದು ಸಲ ಅಲ್ಲ, ಮೂರು ಸಲ. ಮೂರನೇ ಸಲ ನನ್ನ ಕೈ ಹಿಡ್ಕೊಂಡು, ದೇವರ ಮನೆ ಕಡೆ ತಿರುಗಿಸಿ ಹೇಳಿದ್ಲು. ನಾನು ಹೂಂ ಅಂದೆ. ನಾನು ಮಾತಾಡೋದೇ ಕಮ್ಮಿ, ಮನೆಗೆ ಯಾರಾದ್ರೂ ಬಂದ್ರೆ ಪುಸ್ತಕ ತಗೊಂಡು ಅಟ್ಟ ಹತ್ತೋಳು. ಇವಳ ಹೊಟ್ಟೇಲಿ ಮಾತು ಉಳಿಯುತ್ತೆ ಅಂದ್ಕೊಂಡಿದ್ಲೇನೋ. ಎರಡು ವರ್ಷ ಉಳೀತು ಕೂಡ. ಈಗ ಬರೀತಾ ಕೂತಿದೀನಿ. ಅಂಗೈ ಬೆವರಿ ಬೆವರಿ ಎರಡು ಹಾಳೆ ಆಗ್ಲೇ ಹಾಳಾದ್ವು.

ನಮ್ಮ ಮಾಲೇಕೋಟೆ ಈಗ ಸಿಟಿ ಬಸ್ಸಿನ ಕೊನೇ ಸ್ಟಾಪು. ತುಮಕೂರು ಕಡೆಯಿಂದ ಬಂದ್ರೆ ಮೊದಲು ಹೊಸ ಬಡಾವಣೆ, ಆಮೇಲೆ ನೀರಿನ ಟ್ಯಾಂಕು, ಅದರ ಹಿಂದೆ ಹಳೇ ಕೋಟೆ ಗೋಡೇದು ಉಳಿದಿರೋ ಒಂದು ತುಂಡು. ಆ ಗೋಡೆಗೆ ಬೆನ್ನು ಕೊಟ್ಟು ನಮ್ಮನೆ. ಗೋಡೆ ಆಚೆ ಒಂಟೆಲೆ ಗುಡ್ಡ. ಬೋಳು ಬಂಡೆ, ಏಳೆಂಟು ನೆಲ್ಲಿ ಮರ, ನೆತ್ತಿ ಮೇಲೆ ಬೇಸಿಗೇಲೂ ಬತ್ತದ ಒಂದು ದೊಣೆ, ಅಂದ್ರೆ ಬಂಡೇಲಿ ತಾನಾಗೇ ಆಗಿರೋ ನೀರಿನ ಗುಂಡಿ, ಅಷ್ಟೇ ಇರೋದು. ವರ್ಷವೆಲ್ಲ ಅಲ್ಲಿಗೆ ಮೇಕೆ ಬಿಟ್ರೆ ಯಾರೂ ಹೋಗಲ್ಲ. ಆದರೆ ಕಾರ್ತಿಕ ಮಾಸದ ಎರಡನೇ ಭಾನುವಾರ ಬಡಾವಣೆ ಸಂಘದವರ ವನಭೋಜನ. ಟೆಂಪೋದಲ್ಲಿ ಪಾತ್ರೆ ಬರುತ್ತೆ, ಮೈಕು ಬರುತ್ತೆ, ಹೆಂಗಸರಿಗೆ ಹೌಸಿ, ಮಕ್ಕಳಿಗೆ ಸ್ಪೂನಿನ ಮೇಲೆ ನಿಂಬೆಹಣ್ಣು. ನೆಲ್ಲಿ ಮರದ ಕೆಳಗೆ ಸಾಲಾಗಿ ಎಲೆ ಹಾಕಿ ಬಿಸಿಬೇಳೆಬಾತು, ಕೋಸಂಬರಿ, ನೆಲ್ಲಿಕಾಯಿ ಚಿತ್ರಾನ್ನ ಬಡಿಸ್ತಾರೆ. ಊಟಕ್ಕೆ ಕೂರೋಕೆ ಮುಂಚೆ ಸಾಲಿಂದ ದೂರ, ಪಡುವಣ ಕಡೆ ಬಂಡೆ ಮೇಲೆ, ಒಂದು ಮುತ್ತುಗದ ಎಲೆ ಹಾಸಿ ಅದರ ಮೇಲೊಂದು ಕಲ್ಲಿಡ್ತಾರೆ. ಅದಕ್ಕೆ ಏನೂ ಬಡಿಸಲ್ಲ. ಯಾರೂ ಕೂರಲ್ಲ.

ಅದು ಯಾಕೆ ಅಂದ್ರೆ ಸಂಘದ ಸೆಕ್ರೆಟರಿ ಚನ್ನಬಸವಯ್ಯ ಅಂಕಲ್ ಪ್ರತಿ ವರ್ಷ ಮೈಕಲ್ಲಿ ಒಂದೇ ಕಥೆ ಹೇಳ್ತಾರೆ. ಯಾರೋ ಒಬ್ಬ ಸಾಧು ಆ ಬಂಡೆ ಮೇಲೆ ಒಂದೇ ಎಲೇಲಿ ಹನ್ನೆರಡು ವರ್ಷ ಊಟ ಮಾಡಿದ್ನಂತೆ, ಅದಕ್ಕೇ ಒಂಟೆಲೆ ಗುಡ್ಡ ಅಂತೆ. ಹಿಂದಿಂದ ಯಾರಾದ್ರೂ "ಹನ್ನೆರಡು ವರ್ಷ ಎಲೆ ತೊಳ್ಕೊಂಡು ತೊಳ್ಕೊಂಡು ಉಂಡ್ನಾ ಸಾರ್?" ಅಂತ ಕೂಗ್ತಾರೆ, ಎಲ್ಲರೂ ನಗ್ತಾರೆ. ಈ ಸಲ ಅಂಕಲ್ ನನ್ನನ್ನ ಹುಡುಕ್ಕೊಂಡು ಬಂದ್ರು. "ಏನಮ್ಮಾ ಅನಘಾ, ಪುಸ್ತಕದ ಹುಳ, ಇಲ್ಲೂ ಓದ್ತಿದೀಯಾ? ಗುಡ್ಡದ ಬುಡದಲ್ಲಿ ಕಲ್ಲಿನ ಬೋರ್ಡು ಹಾಕಿಸ್ತಿದೀವಿ. ಹೆಸರು ಹೇಗೆ ಬಂತು ಅಂತ ನೀನು ಒಂದು ಪುಟ ಬರ್ಕೊಡು. ಸಾಧು ಕಥೇನೇ, ಸ್ವಲ್ಪ ಚೆನ್ನಾಗಿ" ಅಂದ್ರು. ಆಮೇಲೆ ಹೋಗ್ತಾ ಹೋಗ್ತಾ, "ಮುಂದಿನ ವರ್ಷದಿಂದ ಬಫೆ. ಈ ಎಲೆ ಹಾಸೋ ತಂಟೇನೇ ಇಲ್ಲ, ಆ ಕಲ್ಲಿನ ಕೆಳಗಿಂದೂ ಸೇರಿ" ಅಂದ್ರು. ನಾನು ಪುಸ್ತಕ ಮುಚ್ಚಿಟ್ಟೆ, ಮುಂದಕ್ಕೆ ಓದೋಕಾಗಲಿಲ್ಲ. ಯಾಕಂದ್ರೆ ಸಾಧು ಅಲ್ಲಿಗೆ ಬಂದೇ ಇಲ್ಲ. ಆ ಎಲೆ ನಮ್ಮನೆಯವರದು.

ಹಿಂದೊಮ್ಮೆ, ಪಾಳೇಗಾರರ ಕಾಲದಲ್ಲಿ, ಮಾಲೇಕೋಟೆ ಅಂದ್ರೆ ಗೋಡೆಯೊಳಗಿನ ನಲವತ್ತು ಮನೆ ಮಾತ್ರ ಇತ್ತು ಅಂತಾರೆ. ಆವಾಗ್ಲೂ ಕಾರ್ತಿಕದಲ್ಲಿ ಒಂದು ದಿನ ಊರವರು ಗುಡ್ಡಕ್ಕೆ ಹೋಗಿ ನೆಲ್ಲಿ ಮರದ ಕೆಳಗೆ ಉಂಡು ಬರೋರು. ಈಗಿನ ಹಾಗೆ ಆರಾಮಾಗಿ ಅಲ್ಲ. ಗುಡ್ಡದಲ್ಲಿ ಚಿರತೆ ಇತ್ತು, ಬಯಲಲ್ಲಿ ಸುಲಿಗೆಯವರು ಇದ್ರು. ಹಿಂದಿನ ವರ್ಷವೇ ಪಕ್ಕದ ಊರಲ್ಲಿ ದೀಪ ಹಚ್ಚೋ ಹೊತ್ತಿಗೆ ಒಬ್ಬ ಹೆಂಗಸು ಬಂದು, ದಾರಿ ತಪ್ಪಿದೀನಿ ಅಂತ ಅತ್ಕೊಂಡು ಬಾಗಿಲು ತಟ್ಟಿದ್ಲಂತೆ. ಪಾಪ ಅಂತ ತೆಗೆದ್ರು. ಅವಳ ಹಿಂದೆ ಕತ್ತಿ ಹಿಡಿದ ಐವತ್ತು ಜನ ನುಗ್ಗಿದ್ರು. ಆ ಊರಲ್ಲಿ ಆಮೇಲೆ ದೀಪ ಹಚ್ಚೋಕೆ ಜನ ಉಳೀಲಿಲ್ಲ ಅಂತಾರೆ. ಹಾಗಾಗಿ ಮಾಲೇಕೋಟೇಲಿ ಒಂದು ಕಟ್ಟು ಮಾಡ್ಕೊಂಡ್ರು. ಹೋದವರೆಲ್ಲ ಬಂದಿದಾರೆ ಅಂತ ಶಾನುಭೋಗರು ಹೇಳಿದ ಮೇಲೆ ಬಾಗಿಲು ಹಾಕೋದು, ಹಾಕಿದ ಮೇಲೆ ಯಾರೇ ಕರೆದ್ರೂ ಬೆಳಗಾಗೋ ತನಕ ತೆಗೀಬಾರ್ದು.

ಆಗ ಶಾನುಭೋಗರಾಗಿದ್ದವರು ವೆಂಕಪ್ಪಯ್ಯ ಅಂತ, ನಮ್ಮ ವಂಶದ ಹಿರಿಯರು. ಜನರ ತಲೆ ಎಣಿಸಿದ್ರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ಆ ಕಾಲದವರು ಹೆದರ್ತಿದ್ರು. "ತಲೆ ಎಣಿಸಬಾರ್ದು, ಎಲೆ ಎಣಿಸಬೇಕು" ಅನ್ನೋದು ವೆಂಕಪ್ಪಯ್ಯನವರ ಮಾತು. ಹೊರಡುವಾಗ ಒಬ್ಬೊಬ್ಬರ ಕೈಗೂ ಒಂದೊಂದು ಮುತ್ತುಗದ ಎಲೆ ಕೊಡೋರು. ಊಟ ಆದ್ಮೇಲೆ ಉಂಡ ಎಲೆ ಎಣಿಸೋರು. ಕೊಟ್ಟಿದ್ದೂ ಉಂಡಿದ್ದೂ ತಾಳೆ ಆದ್ರೆ ಎಲ್ಲರೂ ಇದಾರೆ ಅಂತ. ಇಪ್ಪತ್ತು ವರ್ಷ ಅವರ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಆ ವರ್ಷ ನೂರಾ ಹನ್ನೆರಡು ಎಲೆ ಕೊಟ್ರು, ನೂರಾ ಹನ್ನೆರಡು ಎಲೆ ಎಣಿಸಿದ್ರು. ಆದರೆ ಹೋಗಿದ್ದವರು ನೂರಾ ಹದಿಮೂರು ಜನ. ಮದುವೆಯಾದ ಮೊದಲ ಕಾರ್ತಿಕದಲ್ಲಿ ಗಂಡ ಹೆಂಡತಿ ಒಂದೇ ಎಲೇಲಿ ಉಣ್ಣಬೇಕು ಅನ್ನೋದು ನಮ್ಮ ಕಡೆ ಪದ್ಧತಿ. ಗಂಡ ಉಂಡೇಳ್ತಾನೆ, ಅದೇ ಎಲೆಗೆ ಹೆಂಡತಿ ಕೂರ್ತಾಳೆ. ಆ ವರ್ಷ ಊರಲ್ಲಿ ಹೊಸದಾಗಿ ಮದುವೆ ಆಗಿದ್ದದ್ದು ಒಂದೇ ಮನೇಲಿ, ಶಾನುಭೋಗರ ಮನೇಲೇ. ಮಗ ರಾಘಪ್ಪ, ಸೊಸೆ ಅಚ್ಚಮ್ಮ. ಅವಳು ಈ ಊರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹದಿನೈದೋ ಹದಿನಾರೋ ಇರಬೇಕು. ನನ್ನಷ್ಟೇ.

ಊಟ ಆಯ್ತು, ಎಲೆ ಎಣಿಸಿ ಆಯ್ತು, ಇಳಿಯೋಕೆ ತಮಟೆ ಬಾರಿಸಿದ್ರು. ಅಷ್ಟು ಹೊತ್ತಿಗೆ ಅತ್ತೆ ಸುಬ್ಬಕ್ಕನಿಗೆ ಕುಂಕುಮದ ಭರಣಿ ದೊಣೆ ಹತ್ರ ಮರೆತಿದ್ದು ನೆನಪಾಯ್ತು. ತವರಿಂದ ತಂದ ಬೆಳ್ಳೀದು. "ಓಡೇ, ತಗೊಂಡ್ಬಂದ್ಬಿಡು, ನಿಮ್ಮ ಮಾವನಿಗೆ ಗೊತ್ತಾಗೋದು ಬೇಡ" ಅಂತ ಸೊಸೇನ ಕಳಿಸಿದ್ಲು. ಅಚ್ಚಮ್ಮ ಓಡಿದ್ಲು. ಅಷ್ಟರಲ್ಲಿ ಯಾರೋ ಬಂಡೆ ಸಂದೀಲಿ ಚಿರತೆ ಕಂಡೆ ಅಂದ್ರು. ಕಂಡಿತ್ತೋ ಇಲ್ವೋ, ಜನ ಮಕ್ಕಳನ್ನ ಎತ್ಕೊಂಡು ಒಬ್ಬರ ಮೇಲೊಬ್ಬರು ಬೀಳ್ತಾ ಗುಡ್ಡ ಇಳಿದ್ರು. ಗಂಡಸರು ಮುಂದೆ, ಹೆಂಗಸರು ಹಿಂದೆ. ರಾಘಪ್ಪ ಪಾತ್ರೆ ಹೊತ್ತವರ ಜೊತೆ ಊರ ಆ ತುದಿ ಗುಡಿಗೆ ಹೋದ. ಹೆಂಡತಿ ಅಮ್ಮನ ಜೊತೆ ಇದಾಳೆ ಅಂದ್ಕೊಂಡ. ಸುಬ್ಬಕ್ಕ, ಸೊಸೆ ಓರಗೆಯವರ ಜೊತೆ ಮುಂದೆ ಹೋಗಿರಬೇಕು ಅಂದ್ಕೊಂಡ್ಲು. ಗುಡ್ಡದ ದಾರಿ ಬಂದು ಸೇರೋದು ಗೋಡೇಲಿರೋ ದಿಡ್ಡಿ ಬಾಗಿಲಿಗೆ, ಒಬ್ಬರು ಬಗ್ಗಿ ದಾಟೋ ಅಷ್ಟು ಪುಟ್ಟದು. ಅದು ತೆರೆಯೋದು ನಮ್ಮನೆ ಹಿತ್ತಿಲಿಗೆ. ಎಲ್ಲರೂ ಒಬ್ಬೊಬ್ಬರಾಗಿ ವೆಂಕಪ್ಪಯ್ಯನವರ ಕಣ್ಣ ಮುಂದೇನೇ ಬಗ್ಗಿ ಒಳಗೆ ಬಂದ್ರು. ಒಬ್ಬೊಬ್ಬರ ಮುಖ ನೋಡಿದ್ರೆ ಸಾಕಿತ್ತು. ಅವರು ನೋಡಲಿಲ್ಲ. ಲೆಕ್ಕ ಗುಡ್ಡದ ಮೇಲೇ ಮುಗಿದಿತ್ತಲ್ಲ. ಅಗುಳಿ ಹಾಕಿಸಿದ್ರು.

ದೀಪ ಹಚ್ಚೋ ಹೊತ್ತಿಗೆ ಬಾಗಿಲು ತಟ್ಟೋ ಸದ್ದು ಬಂತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಆಚೆಯಿಂದ ಒಂದು ಹೆಣ್ಣು ದನಿ, "ಬಾಗಿಲು ತೆಗೀರಿ, ನಾನು ಈ ಮನೆಯವಳು." ಹಿತ್ತಿಲಲ್ಲಿದ್ದವರಿಗೆ ಪಕ್ಕದ ಊರಿನ ಕಥೆ ನೆನಪಾಯ್ತು. ವೆಂಕಪ್ಪಯ್ಯನವರು ಆ ದನಿ ಯಾವತ್ತೂ ಕೇಳಿರಲಿಲ್ಲ. ಸೊಸೆ ಮಾವನ ಎದುರು ದನಿ ಎತ್ತೋ ಕಾಲ ಅಲ್ಲ ಅದು. "ಯಾರು ನೀನು?" ಅಂದ್ರು. "ಅಚ್ಚಮ್ಮ." ಹೆಸರು ಯಾರು ಬೇಕಾದ್ರೂ ಕೇಳಿ ತಿಳ್ಕೊಂಡಿರಬಹುದು ಅಂತ ಅವರಿಗೆ ಅನ್ನಿಸ್ತು. "ಅಚ್ಚಮ್ಮ ಆದ್ರೆ ಗಂಡನ ಹೆಸರು ಹೇಳು" ಅಂದ್ರು. ಆಚೆ ಸುಮ್ಮನಾಯ್ತು. ಗಂಡನ ಹೆಸರು ಹೆಂಡತಿ ಬಾಯಲ್ಲಿ ಬರಬಾರ್ದು, ಬಂದ್ರೆ ಗಂಡನ ಆಯಸ್ಸಿಗೆ ಕೆಟ್ಟದು ಅಂತ ಅವಳಿಗೆ ಹೇಳ್ಕೊಟ್ಟಿದ್ರು. "ನೋಡಿದ್ರಾ, ಗೊತ್ತಿಲ್ಲ ಇವಳಿಗೆ" ಅಂದ್ರು ಕಾವಲಿನವರು. ಗುಡ್ಡದ ಕಡೆ ಏನೋ ಕೂಗ್ತು. ಅವಳು ಅಳ್ತಾ, ಕೊನೆಗೆ, ಹೇಳ್ಬಿಟ್ಲು. "ರಾಘಪ್ಪ. ರಾಘಪ್ಪ ಅಂತ. ತೆಗೀರಿ ಮಾವಾ."

ಅದನ್ನ ಕೇಳಿ ವೆಂಕಪ್ಪಯ್ಯನವರು ಹೇಳಿದ್ದು ಒಂದೇ ಮಾತು ಅಂತೆ. "ನನ್ನ ಸೊಸೆ ಆಗಿದ್ರೆ ಗಂಡನ ಹೆಸರು ಹೇಳ್ತಿರಲಿಲ್ಲ. ಎಲೆ ತಾಳೆ ಆಗಿದೆ. ನಮ್ಮವರೆಲ್ಲ ಒಳಗಿದಾರೆ."

ಇಲ್ಲಿಗೆ ಬಂದಾಗ ಅಜ್ಜಿ ನಿಲ್ಲಿಸಿ ನೀರು ಕುಡಿದ್ಲು. ನಾನು, "ಪಾಪ, ಅವರಿಗೆ ಗೊತ್ತಿರಲಿಲ್ಲ ಅಲ್ವಾ ಅಜ್ಜಿ" ಅಂದೆ. ಅಜ್ಜಿ ಲೋಟ ಕೆಳಗಿಟ್ಟು, "ಒಬ್ಬಳಿಗೆ ಗೊತ್ತಿತ್ತು ಕಣೇ" ಅಂದ್ಲು. ಸುಬ್ಬಕ್ಕ ಬಾಗಿಲ ಪಕ್ಕದಲ್ಲೇ ನಿಂತಿದ್ಲು. ದಿನಾ ಕೇಳೋ ದನಿ, ದಿನಾ ಕೇಳೋ ಬಳೆ ಸದ್ದು. ತಾನೇ ಕಳಿಸಿದ್ದು. ನಾನೇ ಕಳಿಸ್ದೆ ಅಂತ ಒಂದು ಮಾತು ಅಂದಿದ್ರೆ ಅಗುಳಿ ತೆಗೀತಿದ್ರು. ಇಷ್ಟು ಜನದ ಎದುರು, ಹೊತ್ತು ಮುಳುಗೋ ಹೊತ್ತಲ್ಲಿ ಹೊಸ ಸೊಸೇನ ಒಬ್ಬಳನ್ನೇ ಗುಡ್ಡಕ್ಕೆ ಅಟ್ಟಿದವಳು ಅನ್ನಿಸ್ಕೋಬೇಕಲ್ಲ, ಗಂಡನ ಇಪ್ಪತ್ತು ವರ್ಷದ ಲೆಕ್ಕ ಸುಳ್ಳು ಮಾಡಬೇಕಲ್ಲ ಅಂತ ಅವಳ ನಾಲಿಗೆ ಏಳಲಿಲ್ಲ. ಈಗ ಹೇಳ್ತೀನಿ, ಈಗ ಹೇಳ್ತೀನಿ ಅಂದ್ಕೊಳ್ತಾ ಅಗುಳಿ ಮೇಲೆ ಕೈ ಇಟ್ಕೊಂಡೇ ನಿಂತಿದ್ಲಂತೆ. ಅಷ್ಟರಲ್ಲಿ ತಟ್ಟೋದು ನಿಂತುಹೋಯ್ತು. ಆಮೇಲೆ ರಾಘಪ್ಪ ಗುಡಿಯಿಂದ ಬಂದು, "ಅವಳೆಲ್ಲಿ?" ಅಂತ ಕೇಳಿದ. ಎಲ್ಲರ ಕಣ್ಣೂ ಬಾಗಿಲ ಕಡೆ ಹೋಯ್ತು. ಅವನು ಬಾಗಿಲಿಗೆ ಬಿದ್ದು ಅಗುಳಿ ಕಿತ್ತ. ಹೊರಗೆ ಹೊಸ್ತಿಲ ಮೇಲೆ ಕುಂಕುಮದ ಭರಣಿ ಇತ್ತು, ಮುಚ್ಚಳ ಸರಿಯಾಗಿ ಮುಚ್ಚಿ. ಅವಳು ಇರಲಿಲ್ಲ.

ಬೆಳಗಾಗೋ ಹೊತ್ತಿಗೆ ಊರೆಲ್ಲ ಗುಡ್ಡ ಹತ್ತಿತು. ಉಂಡ ಎಲೆಗಳನ್ನೆಲ್ಲ ಗಾಳಿ ಎಲ್ಲೆಲ್ಲಿಗೋ ಹೊತ್ಕೊಂಡು ಹೋಗಿತ್ತು. ಪಡುವಣ ಕಡೆ ಬಂಡೆ ಮೇಲೆ ಮಾತ್ರ ಒಂದು ಎಲೆ ಇತ್ತು. ಎಂಜಲಿಲ್ಲ, ತೊಳೆದಿದ್ದು, ನೀರಿನ್ನೂ ಆರಿರಲಿಲ್ಲ. ಹಾರದೇ ಇರಲಿ ಅಂತ ಮೇಲೊಂದು ಕಲ್ಲು. ಅದನ್ನ ಯಾರು ಯಾಕೆ ಹಾಸಿದ್ರು ಅಂತ ಯಾರೂ ಕೇಳಲಿಲ್ಲ. ವೆಂಕಪ್ಪಯ್ಯನವರು ಅದರ ಮುಂದೆ ಕೂತು, "ನೂರಾ ಹದಿಮೂರು" ಅಂದ್ರಂತೆ. ಆಮೇಲೆ ಬದುಕಿರೋ ತನಕ ಏನನ್ನೂ ಎಣಿಸಲಿಲ್ಲ. ಅಚ್ಚಮ್ಮನ್ನ ಚಿರತೆ ಹೊತ್ಕೊಂಡು ಹೋಯ್ತು ಅಂತಾರೆ ಕೆಲವರು. ಎತ್ತಿನ ಮೇಲೆ ಉಪ್ಪು ಹೇರ್ಕೊಂಡು ಹೋಗೋ ವ್ಯಾಪಾರಿಗಳ ಜೊತೆ ತವರಿಗೆ ನಡೆದುಬಿಟ್ಲು, ಅಲ್ಲಿ ಎಂಬತ್ತು ವರ್ಷ ಬದುಕಿದ್ಲು ಅಂತಾನೂ ಅಂತಾರೆ. ನಾನು ಎರಡನೇದನ್ನ ನಂಬೋಕೆ ನೋಡ್ತೀನಿ. ರಾಘಪ್ಪನಿಗೆ ಮೂರು ವರ್ಷದ ಮೇಲೆ ಇನ್ನೊಂದು ಮದುವೆ ಮಾಡಿದ್ರು. ನಾವು ಆ ಮದುವೆ ಕಡೆಯವರು. ಅಚ್ಚಮ್ಮ ಒಳಗೆ ಬಂದಿದ್ರೆ ನಾನು ಹುಟ್ಟುತ್ತಿರಲಿಲ್ಲ.

ಈಗಲೂ ಗುಡ್ಡ ಹತ್ತಿದವರಿಗೆ ಪಡುವಣ ಬಂಡೆ ಮೇಲೆ ಕಲ್ಲಿನ ಕೆಳಗೆ ಒಂದು ಎಲೆ ಕಾಣುತ್ತೆ, ಹಸಿಯದ್ದೋ ಒಣಗಿದ್ದೋ. ಇಳಿದು ಬಂದ್ರೆ ದಿಡ್ಡಿ ಬಾಗಿಲೂ ಕಾಣುತ್ತೆ. ಅವತ್ತಿಂದ ಅದನ್ನ ತೆಗೆದಿಲ್ಲ, ಅಡ್ಡ ಕಬ್ಬಿಣದ ಪಟ್ಟಿ ಬಡಿದಿದಾರೆ. ವನಭೋಜನ ಮುಗಿಸಿ ಬರೋ ಮಕ್ಕಳು ಅದನ್ನ ದಬದಬ ತಟ್ಟಿ, "ಸಾಧು ತಾತಾ, ಊಟ ಆಯ್ತಾ?" ಅಂತ ಕೂಗಿ ಓಡ್ತಾರೆ. ಅಜ್ಜಿ ಜೀವಮಾನದಲ್ಲಿ ಗುಡ್ಡ ಹತ್ತಿಲ್ಲ. ವನಭೋಜನದ ದಿನ ಬೆಳಗಿಂದ ಸಂಜೆ ತನಕ ಹಿತ್ತಿಲಲ್ಲಿ, ಆ ಬಾಗಿಲ ಒಳಬದಿಗೆ ಬೆನ್ನು ಕೊಟ್ಟು, ಹೂ ಕಟ್ತಾ ಕೂತಿರ್ತಾಳೆ.

ಈ ಸಲ ಎಲ್ಲರೂ ಮುಂದೆ ಹೋದ ಮೇಲೆ ನಾನು ಒಬ್ಬಳೇ ಆ ಬಾಗಿಲ ಮುಂದೆ ನಿಂತೆ. ಒಳಗೆ ಅಜ್ಜಿ ಬಳೆ ಸದ್ದು ಕೇಳಿಸ್ತಿತ್ತು. ಮೆಲ್ಲಗೆ ಎರಡು ಸಲ ತಟ್ಟಿದೆ. ಬಳೆ ಸದ್ದು ನಿಂತ್ಕೊಳ್ತು. "ಅಜ್ಜೀ, ನಾನು" ಅಂದೆ. "ಬೋರ್ಡಿಗೆ ಬರ್ಕೊಡು ಅಂತ ಕೇಳಿದಾರೆ. ಸಾಧು ಕಥೆ ನನಗೆ ಬರಿಯೋಕಾಗಲ್ಲ. ಹೇಳ್ಬಿಡ್ಲಾ?"

ಇನ್ನೊಂದು ಸಲ ತಟ್ಟಿದೆ. ಗುಡ್ಡದ ಮೇಲಿನ ಬೆಳಕು ಹೋಗೋ ತನಕ ಅಲ್ಲೇ ನಿಂತಿದ್ದೆ. ಬಾಗಿಲು ಮುಚ್ಚೇ ಇತ್ತು. ಒಳಗಿಂದ ಯಾರೂ ಓ ಅನ್ನಲಿಲ್ಲ.