ಹುಸೇನಸಾಬರು ನಿಲ್ಲುವ ಜಾಗ

ಘಟಪ್ರಭೆಯ ದಂಡೆಯಲ್ಲೊಂದು ತಗಡಿನ ಶೆಡ್ಡು. ಅಲ್ಲಿ ಮೌನೇಶಾಚಾರರು ಟ್ರಾನ್ಸ್‌ಫಾರ್ಮರಿನ ಎಣ್ಣೆ ತುಂಬುವ ಉಕ್ಕಿನ ತೊಟ್ಟಿಗಳನ್ನು ಮಾಡುತ್ತಿದ್ದರು, ಮಾಡುವುದನ್ನು ಕಲಿಸುತ್ತಲೂ ಇದ್ದರು. ಉಕ್ಕಿನ ಹಾಳೆಯ ಮೇಲೆ ಸೀಮೆಸುಣ್ಣದ ಮೊದಲ ಗೆರೆ ಬೀಳದೆ ಅಲ್ಲಿ ಯಾವ ತೊಟ್ಟಿಯೂ ಶುರುವಾಗುತ್ತಿರಲಿಲ್ಲ. ಗುರುಗಳ ಮಾತು ಮಾತ್ರ ಬಲು ಕಡಿಮೆ. ಶಿಷ್ಯರಿಗೆ ಅದೇ ದೊಡ್ಡ ಸಂಕಟ.

ಊರಿನ ವಿದ್ಯುತ್ ಕೇಂದ್ರದಲ್ಲಿ ಹಳೆಯ ತೊಟ್ಟಿಯೊಂದು ಸಿಡಿದು, ಅಲ್ಲಿ ಕೆಲಸಕ್ಕಿದ್ದ ಹುಸೇನಸಾಬರ ಎಡಗೈ ಸುಟ್ಟಿತು. ಶಿಷ್ಯ ಮಲ್ಲೇಶಿಯನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದ ನೆರೆಮನೆಯ ಕಾಕಾ ಅವರು. ಹೊಸ ತೊಟ್ಟಿಯ ಕೆಲಸ ಶೆಡ್ಡಿಗೆ ಬಂತು.

"ನಾ ಮಾಡ್ತೀನ್ರಿ," ಎಂದ ಮಲ್ಲೇಶಿ.

ತಿಂಗಳೊಪ್ಪತ್ತಿನಲ್ಲಿ ತೊಟ್ಟಿ ಎದ್ದು ನಿಂತಿತು. ಎರಡು ಪಟ್ಟು ದಪ್ಪ ಹಾಳೆ, ಎರಡೆರಡು ಬೆಸುಗೆ.

"ಇದು ಎಲ್ಲೆ ಒಡಿತೈತಿ?" ಗುರುಗಳು ಕೇಳಿದರು.

"ಒಡಿಯೂದ ಇಲ್ರಿ."

"ಒಳಗ ಕಿಡಿ ಹಾರಿ ಎಣ್ಣಿ ಹೊಗಿ ಆತಂದ್ರ, ಅದು ಎಲ್ಲಿಗೆ ಹೋಗಬೇಕು?"

ಮಲ್ಲೇಶಿ ತೊಟ್ಟಿಯ ಸುತ್ತ ಒಂದು ಸುತ್ತು ಬಂದ.

"ಎಲ್ಲೆ ಒಡಿತೈತಿ ಅಂತ ನಿನಗ ಗೊತ್ತಿಲ್ಲ. ಬಿಚ್ಚು."

ಬೆಸುಗೆ ಬಿಚ್ಚುವಾಗ ಅವನಿಗೆ ಅಳುವೇ ಬಂತು. ಪಾಪ, ಬಾರದೆ ಇರುತ್ತದೆಯೇ!

ಈ ಸಲ ಮುಚ್ಚಳದ ಒಂದು ಅಂಚನ್ನು ಬೇಕೆಂದೇ ತೆಳ್ಳಗೆ ಬೆಸೆದ. ಒತ್ತಡ ಹೆಚ್ಚಿದರೆ ಬಾಯಿ ಬಿಡುವುದು ಆ ಅಂಚು ಮಾತ್ರ.

"ಇಲ್ಲೆ ಒಡಿತೈತ್ರಿ," ಎಂದು ಎದೆಯುಬ್ಬಿಸಿ ತೋರಿಸಿದ.

"ಗಾಳಿ ತುಂಬಿ ನೋಡೂಣು. ಹುಸೇನಸಾಬರನ್ನ ಕರಿ."

ಹುಸೇನಸಾಬರು ಬಂದರು. ಸುಟ್ಟ ಕೈಯನ್ನು ಶಲ್ಯದೊಳಗೆ ಇಟ್ಟುಕೊಂಡಿದ್ದರು.

"ಸಾಬರ, ವಾರಕ್ಕೊಮ್ಮೆ ಎಣ್ಣಿ ತಗದು ನೋಡ್ತೀರಲ್ಲ, ಆವಾಗ ಹೆಂಗ ನಿಂದ್ರತೀರಿ? ಹಂಗ ನಿಂದರ್ರಿ."

ಅವರು ತೊಟ್ಟಿಯ ಎಣ್ಣೆ ತೆಗೆಯುವ ನಳದ ಮುಂದೆ ಬಗ್ಗಿ ನಿಂತರು. ಅವರ ತಲೆಯ ಮೇಲೆ ಸರಿಯಾಗಿ ಆ ತೆಳ್ಳನೆಯ ಅಂಚು.

"ಮಲ್ಲೇಶಿ, ಗಾಳಿ ತುಂಬು."

ಮಲ್ಲೇಶಿ ಪಂಪಿನ ಹಿಡಿಕೆ ಹಿಡಿದ. ತಲೆ ಎತ್ತಿ ನೋಡಿದ. ಕೈ ಮುಂದೆ ಹೋಗಲೊಲ್ಲದು.

"ಕಾಕಾ, ಅಲ್ಲೆ ಬ್ಯಾಡ! ಈ ಕಡೆ ಬರ್ರಿ!"

"ನಳ ಇಲ್ಲೇ ಐತಲ್ಲೋ ತಮ್ಮಾ," ಹುಸೇನಸಾಬರು ನಕ್ಕರು. "ಮತ್ತೆಲ್ಲೆ ನಿಂದರ್ಲಿ?"

ಮಲ್ಲೇಶಿ ಹಿಡಿಕೆ ಬಿಟ್ಟುಬಿಟ್ಟ. ಪಂಪಿನ ಕೊಳವೆಯನ್ನು ಗುರುಗಳು ತೊಟ್ಟಿಗೆ ಜೋಡಿಸಿಯೇ ಇರಲಿಲ್ಲ. ಅದನ್ನು ನೋಡುವಷ್ಟು ಎಚ್ಚರ ಅವನಿಗೆಲ್ಲಿತ್ತು?

"ತಪ್ಪಾತ್ರಿ ಗುರುಗಳ. ತೊಟ್ಟಿ ಉಳೀತಿತ್ತು, ಕಾಕಾನ್ನ ನಾನ ಸುಡ್ತಿದ್ದೆ." "ಎಲ್ಲಿಂದ ಸುರು ಮಾಡಬೇಕಿತ್ರಿ?"

ಗುರುಗಳು ಕಿವಿಯ ಮೇಲೆ ಸಿಕ್ಕಿಸಿದ್ದ ಸೀಮೆಸುಣ್ಣ ತೆಗೆದರು. ನೆಲಕ್ಕೆ ಬಗ್ಗಿ, ಹುಸೇನಸಾಬರ ಎರಡೂ ಚಪ್ಪಲಿಗಳ ಸುತ್ತ ನಿಧಾನವಾಗಿ ಗೆರೆ ಎಳೆದರು. ಆಮೇಲೆ ಸೀಮೆಸುಣ್ಣವನ್ನು ಮಲ್ಲೇಶಿಯ ಅಂಗೈಯಲ್ಲಿ ಇಟ್ಟರು.

"ಮೊದಲನೇ ಗೆರಿ ಇದು. ಇನ್ನ ಹಾಳಿ ತಗೋ."