ಅಡುಗೆಮನೆ ಬಾಗಿಲ ಮೇಲಿನ ಸಾಲು

"ಅಯ್ಯನವರೇ, ಗಂಡ ಮಕ್ಕಳಿರುವ ಹೆಂಗಸು ಹಾಡು ಬರೆಯುತ್ತ ಕೂರುವುದು ಸರಿಯೇ?" ಎಂದು ಜೀವರತ್ನ ಕೇಳಿದ. ಅವನು ಅಯ್ಯನವರ ಬಳಿ ಕ್ರೈಸ್ತ ಬೋಧಕನಾಗಲು ಬೈಬಲ್ ಓದುತ್ತಿದ್ದ ಶಿಷ್ಯ. "'ಒಲೆಯ ಮುಂದೆ ಬಾಗಿದ ತಲೆಯ ಮೇಲೆ ಕರ್ತನ ಕೈ ಇದೆ' ಎಂದು ಸತ್ಯವೇದವೇ ಹೇಳುತ್ತದಲ್ಲ. ಹೆಂಗಸರ ಸೇವೆ ಅಲ್ಲೇ ತಾನೆ?"

ಅಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದಾಗ ಅವರು ಹಾಗೆ ಮಾಡುತ್ತಿದ್ದರು. "ಬಾಯಿ ಮುಚ್ಚಿಕೊಂಡು ಕೇಳು," ಎಂದು ಈ ಕತೆ ಹೇಳಿದರು.

ಒಂದು ಊರಿನ ಕ್ರೈಸ್ತ ಸಭೆಯಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆ ತುಂಬ ಮಕ್ಕಳು. ಅನ್ನ ಬೇಯುವಷ್ಟರಲ್ಲಿ ಅವಳು ಒಂದೆರಡು ಸಾಲು ಬರೆಯುತ್ತಿದ್ದಳು. ಅದನ್ನೇ ಹಾಡಿ ಮಕ್ಕಳನ್ನು ಮಲಗಿಸುತ್ತಿದ್ದಳು. ಅನ್ನ ಒಂದು ದಿನವೂ ಸೀದಿರಲಿಲ್ಲ. ಸೀದಿದ್ದರೂ ಅದು ಗಂಡ ಹೆಂಡಿರ ವಿಷಯ, ನಿನ್ನದೂ ಅಲ್ಲ, ನನ್ನದೂ ಅಲ್ಲ.

ಆ ಸಭೆಯಲ್ಲಿ ಒಂದು ಪದ್ಧತಿ. ಮದುವೆ ಗೊತ್ತಾದ ಹುಡುಗಿ ಬಟ್ಟೆಯ ಮೇಲೆ ಒಂದು ವಾಕ್ಯವನ್ನು ಬಣ್ಣದ ದಾರದಲ್ಲಿ ಹೊಲಿದು, ಗಾಜು ಹಾಕಿಸಿ, ಗಂಡನ ಮನೆಗೆ ಒಯ್ಯಬೇಕು. ಅಡುಗೆಮನೆಯ ಬಾಗಿಲ ಮೇಲೆ ಅದನ್ನು ತೂಗುಹಾಕುತ್ತಾರೆ. ಅಲ್ಲಿ ತೂಗಿದ್ದೆಲ್ಲ ಸತ್ಯವೇದದ್ದೇ ಎಂದು ಎಲ್ಲರ ನಂಬಿಕೆ. ಈ ಹೆಂಗಸಿನ ಜೋಗುಳದ ಒಂದು ಸಾಲು ಒಬ್ಬಳು ಹುಡುಗಿಗೆ ಹಿಡಿಸಿತು. ಅವಳು ಹೊಲಿದಳು. ಅದನ್ನು ನೋಡಿ ಇನ್ನೊಬ್ಬಳು ಹೊಲಿದಳು. ಹೀಗೆ ಆ ಸಾಲು ಊರೂರಿಗೆ ಹೋಯಿತು. ಬರೆದವಳ ಹೆಸರು ಮಾತ್ರ ಜೊತೆಗೆ ಹೋಗಲಿಲ್ಲ.

ಮುಂದೆ ಅವಳ ಬೇರೆ ಹಾಡುಗಳನ್ನು ಮನೆಗಳ ಪ್ರಾರ್ಥನಾ ಕೂಟಗಳಲ್ಲಿ ಹಾಡತೊಡಗಿದರು. ಸಭೆಯ ಹಿರಿಯನೊಬ್ಬನಿಗೆ ಅದು ಕಣ್ಣಿಗೆ ಚುಚ್ಚಿತು. ಅವಳನ್ನು ಹಿರಿಯರ ಮುಂದೆ ಕರೆಸಿದ.

"ನೋಡಮ್ಮ, ಬರೆಯುವುದನ್ನು ಬಿಡು. ಇಲ್ಲದಿದ್ದರೆ ಕರ್ತನ ಭೋಜನಕ್ಕೆ ಬರಬೇಡ, ಆ ಪವಿತ್ರ ರೊಟ್ಟಿ ನಿನಗಿಲ್ಲ. ನಿನ್ನ ಜಾಗ ಯಾವುದೆಂದು ವೇದದಲ್ಲೇ ಇದೆ," ಎಂದು, ತನ್ನ ಸೊಸೆ ತಂದ ಪಟದಲ್ಲಿದ್ದ ಸಾಲನ್ನು ಗಟ್ಟಿಯಾಗಿ ಹೇಳಿದ.

"ಅದು ವೇದದ್ದಲ್ಲ ಹಿರಿಯರೇ. ನನ್ನ ದೊಡ್ಡ ಮಗಳನ್ನು ಮಲಗಿಸಲು ನಾನೇ ಕಟ್ಟಿದ್ದು. ಮುಂದಿನ ಸಾಲನ್ನೂ ಹೇಳಿಬಿಡಿ," ಎಂದಳು ಅವಳು.

ಮುಂದಿನ ಸಾಲು ಅವನಿಗೆ ಗೊತ್ತಿರಲಿಲ್ಲ. ಅಲ್ಲೇ ಕೂತಿದ್ದ ಸಭಾಪಾಲಕರು ಸತ್ಯವೇದ ತೆರೆದರು. ಕೀರ್ತನೆಗಳಲ್ಲಿ ಹುಡುಕಿದರು, ಜ್ಞಾನೋಕ್ತಿಗಳಲ್ಲಿ ಹುಡುಕಿದರು. ಎಲ್ಲೂ ಇರಲಿಲ್ಲ.

ಇಷ್ಟಾದ ಮೇಲೆ ಹಿರಿಯ ತಲೆ ತಗ್ಗಿಸಿದ ಅಂದುಕೊಂಡೆಯಾ? ಎಲ್ಲಿಯ ಮಾತು. ವೇದವಲ್ಲದ್ದನ್ನು ವೇದವೆಂದು ಊರಿಗೆಲ್ಲ ನಂಬಿಸಿದ್ದಾಳೆ ಎಂದು ಅವಳ ಮೇಲೆಯೇ ತಿರುಗಿಬಿದ್ದ. ಉಳಿದವರು ಹೂಂಗುಟ್ಟಿದರು. ಸಭಾಪಾಲಕರೂ ಪುಸ್ತಕ ಮುಚ್ಚಿಟ್ಟರು. ನಾಚಿಕೆಗೆಟ್ಟವರು.

"ನನಗೆ ಆ ರೊಟ್ಟಿಯೂ ಬೇಕು, ಹಾಡೂ ಬೇಕು. ಎರಡನ್ನೂ ಕೊಟ್ಟವನು ಒಬ್ಬನೇ," ಎಂದು ಹೇಳಿ ಅವಳು ಮನೆಗೆ ಹೋದಳು. ಬರೆಯುವುದನ್ನು ಬಿಡಲಿಲ್ಲ. ಅವರೂ ಅವಳು ಸಾಯುವ ತನಕ ರೊಟ್ಟಿ ಕೊಡಲಿಲ್ಲ. ಭೋಜನದ ಭಾನುವಾರಗಳಲ್ಲಿ ಅವಳು ಕೊನೆಯ ಬೆಂಚಿನಲ್ಲಿ ಕೂತು ಅಳುತ್ತಿದ್ದಳು. ಗಂಡ ಒಂದು ಸಲವೂ ರೊಟ್ಟಿ ತೆಗೆದುಕೊಳ್ಳಲು ಎದ್ದು ಮುಂದೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೂತಿರುತ್ತಿದ್ದ. ಇಷ್ಟೆಲ್ಲ ಆದರೂ ಆ ಪಟಗಳನ್ನು ಯಾರೂ ಬಾಗಿಲಿನಿಂದ ಇಳಿಸಲಿಲ್ಲ. ಮಕ್ಕಳು ಅದನ್ನು ವೇದವೆಂದೇ ಓದಿಕೊಂಡು ಬೆಳೆದರು.

ಜೀವರತ್ನನ ಮುಖ ಕೆಂಪಾಗಿತ್ತು. "ಎಂಥ ಅನ್ಯಾಯ ಅಯ್ಯನವರೇ. ಆ ಸಾಲು ಯಾವುದು?" ಎಂದು ಕೇಳಿದ.

ಅಯ್ಯನವರು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು.

"ವೇದದ್ದೆಂದು ನೀನು ಆಗಲೇ ನನ್ನ ಮುಂದೆ ಹೇಳಿದೆಯಲ್ಲ, ಅದೇ. ಅದರ ಮುಂದಿನ ಸಾಲು, 'ಆ ತಲೆಯೊಳಗೆ ಹಾಡನ್ನಿಟ್ಟವನೂ ಅವನೇ.'"